ಪತ್ರಾಸಿನ ಶೆಡ್ಡಿನಲ್ಲಿ ವೈಫೈ

ರೇಡಿಯೊ ತರಂಗಕ್ಕೆ ಪಾವರ್‌ಲೂಮ್ ಶೆಡ್ಡಿನಷ್ಟು ಕಷ್ಟದ ಜಾಗ ಇನ್ನೊಂದು ಸಿಗುವುದು ಅಪರೂಪ. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಇಂಥ ಶೆಡ್ಡುಗಳು ಸಾಲಾಗಿ ನಿಂತಿವೆ. ಮೇಲೆ ಪತ್ರಾಸು, ಕೆಳಗೆ ಕಬ್ಬಿಣದ ಮಗ್ಗಗಳು, ಸುತ್ತ ದಪ್ಪ ಗೋಡೆ. ಮೂಲೆಯಲ್ಲಿಟ್ಟ ರೌಟರಿನಿಂದ ಹೊರಟ ತರಂಗ ಪತ್ರಾಸಿಗೆ ಬಡಿದು ಕೆಳಗಿಳಿಯುತ್ತದೆ, ಮಗ್ಗದ ಚೌಕಟ್ಟಿಗೆ ತಾಗಿ ಅಡ್ಡ ಹೊರಳುತ್ತದೆ, ಗೋಡೆಗೆ ಬಡಿದು ಮರಳುತ್ತದೆ. ವ್ಯಾಪಾರಿ ಕಳಿಸಿದ ಸೀರೆಯ ಡಿಸೈನು ನೋಡಲು ನಿಂತ ನೇಕಾರನ ಫೋನಿಗೆ ಒಂದೇ ಸಂದೇಶ ಹತ್ತು ದಾರಿಗಳಿಂದ, ಹತ್ತು ಬೇರೆ ಬೇರೆ ಗಳಿಗೆಯಲ್ಲಿ ಬಂದು ಮುಟ್ಟುತ್ತದೆ. ಅಷ್ಟಾದರೂ ಚಿತ್ರ ಸ್ಪಷ್ಟವಾಗಿ ತೆರೆದುಕೊಳ್ಳುತ್ತದೆ. ಅದು ಹೇಗೆ ಸಾಧ್ಯವಾಯಿತು ಎಂದು ಕೇಳುತ್ತ ಹೋದರೆ ವೈಫೈನ ಬೆಳವಣಿಗೆಯ ಅರ್ಧ ಭಾಗ ಅರ್ಥವಾಗುತ್ತದೆ. ಉಳಿದರ್ಧ ಸರದಿಯ ಪ್ರಶ್ನೆ: ಒಂದೇ ಗಾಳಿಯನ್ನು ಹಲವರು ಬಳಸುವಾಗ ಯಾರು ಯಾವಾಗ ಮಾತಾಡಬೇಕು? ರೌಟರಿನ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗುವ ವೇಗದ ಅಂಕಿ ಈ ಎರಡರ ಫಲ ಮಾತ್ರ.

ಮೊದಲು ಪ್ರತಿಧ್ವನಿಯ ಲೆಕ್ಕ ನೋಡೋಣ. ರೇಡಿಯೊ ತರಂಗ ಒಂದು ಮೈಕ್ರೊಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳನ್ನು ಒಂದರ ಬೆನ್ನಿಗೊಂದು ಕಳಿಸಿದರೆ ಪ್ರತಿಯೊಂದು ಬಿಟ್ಟು ಗಾಳಿಯಲ್ಲಿ 30 ಮೀಟರ್ ಉದ್ದಕ್ಕೆ ಹರಡಿಕೊಂಡಿರುತ್ತದೆ. ಪತ್ರಾಸಿಗೆ, ಗೋಡೆಗೆ ಎರಡು ಸಲ ಬಡಿದು ಬರುವ ತರಂಗ 30 ಮೀಟರ್ ಹೆಚ್ಚು ಸುತ್ತಿದರೆ ಸಾಕು, ಹಿಂದಿನ ಬಿಟ್ಟು ಮುಂದಿನದರ ಮೇಲೆ ಬೀಳುತ್ತದೆ. ವೇಗ ಹೆಚ್ಚಿಸಿದಷ್ಟೂ ಬಿಟ್ಟು ಗಿಡ್ಡವಾಗುತ್ತದೆ, ಗೊಂದಲ ಹೆಚ್ಚುತ್ತದೆ.

ಪರಿಹಾರ ನೇಕಾರರಿಗೆ ಬಲು ಪರಿಚಿತವಾದದ್ದು. ಒಂದೇ ಎಳೆಯನ್ನು ಜೋರಾಗಿ ಓಡಿಸುವ ಬದಲು ಹಾಸು ಹೂಡುವಂತೆ ಹಲವು ಎಳೆಗಳನ್ನು ಪಕ್ಕಪಕ್ಕ ಹಿಡಿದು, ಎಲ್ಲವನ್ನೂ ನಿಧಾನವಾಗಿ ಸಾಗಿಸುವುದು. 1999ರ 802.11ಎ ಮಾನಕ 20 ಮೆಗಾಹರ್ಟ್ಜ್ ಅಗಲದ ಒಂದು ಚಾನೆಲ್ಲಿನಲ್ಲಿ 52 ಎಳೆಗಳನ್ನು ಹೂಡಿತು. 48 ಎಳೆಗಳು ಮಾಹಿತಿ ಹೊರುತ್ತವೆ. ಉಳಿದ 4 ಎಳೆಗಳು ತರಂಗ ದಾರಿಯಲ್ಲಿ ಎಷ್ಟು ಕದಲಿತು ಎಂದು ಅಳೆಯುವುದಕ್ಕೆ. ಪ್ರತಿ ಎಳೆಯ ಮೇಲಿನ ಒಂದೊಂದು ಸಂಕೇತ 4 ಮೈಕ್ರೊಸೆಕೆಂಡು ಇರುತ್ತದೆ. ಅದರಲ್ಲಿ 0.8 ಮೈಕ್ರೊಸೆಕೆಂಡನ್ನು ಪ್ರತಿಧ್ವನಿ ಅಡಗಲೆಂದೇ ಬಿಟ್ಟುಕೊಡಲಾಗಿದೆ. ಅಷ್ಟು ಹೊತ್ತಿನಲ್ಲಿ ತರಂಗ 240 ಮೀಟರ್ ಹೋಗುತ್ತದೆ. ಬನಹಟ್ಟಿಯ ಯಾವ ಶೆಡ್ಡಿನಲ್ಲೂ ಪ್ರತಿಧ್ವನಿ ಅಷ್ಟು ಸುತ್ತುಬಳಸಿ ಬರುವುದಿಲ್ಲ.

ಹಲವು ಎಳೆಗಳ ಈ ಯೋಚನೆಯನ್ನು ಬೆಲ್ ಲ್ಯಾಬ್ಸಿನ ರಾಬರ್ಟ್ ಚಾಂಗ್ 1966ರಲ್ಲೇ ಮಂಡಿಸಿದ್ದರು. ಅದನ್ನು ಕೋಣೆಯೊಳಗಿನ ಪ್ರತಿಧ್ವನಿಗೆ ಮದ್ದಾಗಿ ಒದಗಿಸಿದವರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ಮುಖ್ಯವಾದದ್ದು. ಆ ತಂಡದ ಜಾನ್ ಓ'ಸಲಿವನ್ ಮೂಲತಃ ರೇಡಿಯೊ ಖಗೋಳದವರು. ಸಣ್ಣ ಕಪ್ಪುಕುಳಿಗಳು ಸಿಡಿಯುವಾಗ ಹೊರಡಬಹುದು ಎಂದು ಊಹಿಸಿದ್ದ ರೇಡಿಯೊ ಮಿಡಿತವನ್ನು 1970ರ ದಶಕದಲ್ಲಿ ಹುಡುಕಿದ್ದರು. ಮಿಡಿತ ಸಿಗಲಿಲ್ಲ. ದೂರದಿಂದ ಬಂದು ಕಲಸಿಹೋದ ತರಂಗವನ್ನು ಗಣಿತದಿಂದ ಬಿಡಿಸುವ ವಿದ್ಯೆ ಮಾತ್ರ ಕೈಯಲ್ಲಿ ಉಳಿಯಿತು. ಅವರ ತಂಡಕ್ಕೆ 1996ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅದರಿಂದ ಸಂಸ್ಥೆಗೆ ಮುಂದೆ ಬಂದ ಹಣ 40 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು. ತಕ್ಷಣದ ಲಾಭ ಕಾಣದ ಸಂಶೋಧನೆಗೆ ದುಡ್ಡೇಕೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇನ್ನು ಸರದಿ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಏಬ್ರಮ್ಸನ್ ಮತ್ತು ಸಂಗಡಿಗರು ದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೊದಿಂದ ಜೋಡಿಸಿದರು. ಅಲೋಹಾನೆಟ್ ಎಂಬ ಆ ಜಾಲದ ನಿಯಮ ಸರಳ: ಹೇಳುವುದಿದ್ದರೆ ಹೇಳಿಬಿಡು, ಇನ್ನೊಬ್ಬರದಕ್ಕೆ ಡಿಕ್ಕಿಯಾಗಿ ಕೆಟ್ಟರೆ ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಹೇಳು. ಹೀಗೆ ಮಾಡಿದರೆ ಗಾಳಿಯ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ 2.4 ಗಿಗಾಹರ್ಟ್ಜ್ ಸೇರಿ ಕೆಲವು ಪಟ್ಟಿಗಳನ್ನು ಲೈಸೆನ್ಸ್ ಇಲ್ಲದ ಬಳಕೆಗೆ ತೆರೆಯಿತು. ನೆದರ್ಲೆಂಡ್ಸ್‌ನ ವಿಕ್ ಹೇಯ್ಸ್ ಮುಂದಾಳುತನದ ಸಮಿತಿ ವರ್ಷಗಟ್ಟಲೆ ಚರ್ಚಿಸಿ 1997ರಲ್ಲಿ ಮೊದಲ 802.11 ಮಾನಕ ಹೊರತಂದಿತು. ವೇಗ 1 ಅಥವಾ 2 ಮೆಗಾಬಿಟ್. ಅದರ ನಿಯಮ ಅಲೋಹಾಕ್ಕಿಂತ ಸಭ್ಯವಾದದ್ದು: ಮೊದಲು ಕೇಳಿಸಿಕೊ, ಗಾಳಿ ಖಾಲಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು ಕಾಯಿ, ಆಮೇಲೆ ಮಾತಾಡು. ಇವತ್ತಿನ ರೌಟರುಗಳಲ್ಲೂ ಇದೇ ಸಂಯಮ ಉಳಿದಿದೆ.

1999ರಲ್ಲಿ ಎರಡು ಮಾನಕಗಳು ಒಟ್ಟಿಗೆ ಬಂದವು. ಹಲವು ಎಳೆಗಳ 802.11ಎ 5 ಗಿಗಾಹರ್ಟ್ಜ್‌ನಲ್ಲಿ 54 ಮೆಗಾಬಿಟ್ ಕೊಡುತ್ತಿತ್ತು, ದುಬಾರಿಯಾಗಿತ್ತು. 2.4 ಗಿಗಾಹರ್ಟ್ಜ್‌ನ 802.11ಬಿ ಬರಿ 11 ಮೆಗಾಬಿಟ್‌ನದು, ಆದರೆ ಅಗ್ಗ. ಅಗ್ಗದ್ದು ಗೆದ್ದಿತು. ವೈಫೈ ಎಂಬ ಹೆಸರು ಬಂದದ್ದೂ ಆ ವರ್ಷವೇ. 2003ರ 802.11ಜಿ ಎಳೆಗಳ ವಿದ್ಯೆಯನ್ನು 2.4ಕ್ಕೂ ತಂದಿತು. ಹಳೆಯ ಯಂತ್ರಗಳನ್ನು ಕೈಬಿಡಬಾರದು ಎಂದು ಅಲ್ಲಿ ಮಾಡಿಕೊಂಡ ಏರ್ಪಾಡಿನ ಫಲವನ್ನು ನಾವು ಈಗಲೂ ಉಣ್ಣುತ್ತಿದ್ದೇವೆ. 1,500 ಬೈಟಿನ ಒಂದು ಕಂತು 54 ಮೆಗಾಬಿಟ್‌ನಲ್ಲಿ 0.22 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಮೂರು ಗೋಡೆಯಾಚೆ ಕುಳಿತು 1 ಮೆಗಾಬಿಟ್‌ಗೆ ಇಳಿದ ಫೋನಿಗೆ ಅದೇ ಕಂತಿಗೆ 12 ಮಿಲಿಸೆಕೆಂಡು ಬೇಕು. ಸರದಿ ಕಂತಿನ ಲೆಕ್ಕದಲ್ಲಿ ಬರುವುದರಿಂದ ಒಬ್ಬರು ದೂರ ಕೂತರೆ ಮನೆಮಂದಿಯೆಲ್ಲ ನಿಧಾನವಾಗುತ್ತಾರೆ. ದುಬಾರಿ ರೌಟರ್ ತಂದರೂ ನೆಟ್ಟು ಓಡುತ್ತಿಲ್ಲ ಎನ್ನುವ ಎಷ್ಟೋ ದೂರುಗಳ ಬೇರು ಇಲ್ಲಿದೆ. ಮೊದಲು ರೌಟರನ್ನು ಮನೆಯ ನಡುಭಾಗಕ್ಕೆ, ಎತ್ತರಕ್ಕೆ ಸರಿಸಿ ನೋಡುವುದು ಖರ್ಚಿಲ್ಲದ ಉಪಾಯ.

ಭಾರತದಲ್ಲಿ ಕಾನೂನೂ ದಾರಿ ಬಿಡಬೇಕಿತ್ತು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆಗಳ ಪ್ರಕಾರ ರೇಡಿಯೊ ಯಂತ್ರಕ್ಕೆ ಲೈಸೆನ್ಸ್ ಬೇಕಿತ್ತು. 2005ರ ಜನವರಿಯ ಅಧಿಸೂಚನೆ 2.4 ಗಿಗಾಹರ್ಟ್ಜ್ ಪಟ್ಟಿಗೆ ವಿನಾಯಿತಿ ಕೊಟ್ಟಿತು. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಜ್‌ನ 605 ಮೆಗಾಹರ್ಟ್ಜ್ ಹೊರಾಂಗಣ ಬಳಕೆಗೂ ತೆರೆದುಕೊಂಡಿತು. ಜಮಖಂಡಿಯ ಲಾಡ್ಜಿನಲ್ಲಿ, ಮುಧೋಳದ ಖಾನಾವಳಿಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ರೌಟರ್ ಹಚ್ಚಲು ಸಾಧ್ಯವಾಗಿರುವುದು ಈ ಎರಡು ಅಧಿಸೂಚನೆಗಳಿಂದ.

2009ರ 802.11ಎನ್ ನನಗೆ ಎಲ್ಲಕ್ಕಿಂತ ಬೆರಗಿನ ಹೆಜ್ಜೆ. ಅಲ್ಲಿಯವರೆಗೆ ಪ್ರತಿಧ್ವನಿ ಶತ್ರು. ಈ ಮಾನಕ ಅದನ್ನೇ ದುಡಿಮೆಗೆ ಹಚ್ಚಿತು. ರೌಟರಿಗೂ ಫೋನಿಗೂ ಒಂದಕ್ಕಿಂತ ಹೆಚ್ಚು ಆಂಟೆನಾ ಇದ್ದರೆ, ಒಂದೇ ಚಾನೆಲ್ಲಿನಲ್ಲಿ, ಒಂದೇ ಗಳಿಗೆಯಲ್ಲಿ ಬೇರೆ ಬೇರೆ ಮಾಹಿತಿ ಕಳಿಸಬಹುದು. ಪ್ರತಿ ಆಂಟೆನಾದಿಂದ ಹೊರಟದ್ದು ಬೇರೆ ಬೇರೆ ಕಡೆ ಬಡಿದು ಬೇರೆ ಬೇರೆ ರೀತಿ ಕಲಸಿ ಬರುವುದರಿಂದ ಎರಡು ಅಜ್ಞಾತಗಳಿಗೆ ಎರಡು ಸಮೀಕರಣ ಸಿಕ್ಕಂತಾಗಿ, ಬಿಡಿಸಲು ಬರುತ್ತದೆ. ಕಬ್ಬಿಣದ ಮಗ್ಗಗಳು ತುಂಬಿದ ಶೆಡ್ಡು ಈಗ ಅನುಕೂಲದ ಜಾಗವೂ ಆಗಬಲ್ಲದು! ಈ ತತ್ವಕ್ಕೆ ಪೇಟೆಂಟ್ ಪಡೆದವರು ಆರೋಗ್ಯಸ್ವಾಮಿ ಪೌಲ್‌ರಾಜ್ ಮತ್ತು ಥಾಮಸ್ ಕೈಲಾತ್. ಪೌಲ್‌ರಾಜ್ ಭಾರತೀಯ ನೌಕಾಪಡೆಯ ಅಧಿಕಾರಿಯಾಗಿದ್ದವರು. ಜಲಾಂತರ್ಗಾಮಿ ಹುಡುಕುವ ಸೋನಾರ್ ಕಟ್ಟಿದವರು. ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರವನ್ನು ನಡೆಸಿ ಆಮೇಲೆ ಸ್ಟ್ಯಾನ್‌ಫರ್ಡಿಗೆ ಹೋದರು. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು. ನಮ್ಮ ಶಾಲೆಗಳ ವಿಜ್ಞಾನ ಪಾಠದಲ್ಲಿ ಈ ಹೆಸರು ಇರಬೇಕು.

2013ರ 802.11ಎಸಿ 5 ಗಿಗಾಹರ್ಟ್ಜ್‌ನಲ್ಲಿ ಚಾನೆಲ್ಲನ್ನು ಅಗಲ ಮಾಡಿತು, ವೇಗ ಗಿಗಾಬಿಟ್ ದಾಟಿತು. ಆದರೆ ಗಿಡ್ಡ ತರಂಗ ಗೋಡೆ ದಾಟುವುದರಲ್ಲಿ ಸೋಲುತ್ತದೆ. ಮಣ್ಣಿನ ದಪ್ಪ ಗೋಡೆಯ ಮೇಲ್ಮುದ್ದೆ ಮನೆಗಳಲ್ಲಿ ಹಳೆಯ 2.4 ಗಿಗಾಹರ್ಟ್ಜೇ ಒಳಕೋಣೆ ಮುಟ್ಟುವುದು.

ಅಷ್ಟರಲ್ಲಿ ಸರದಿಯ ಪ್ರಶ್ನೆ ಮತ್ತೆ ಎದುರಿಗೆ ಬಂದಿತ್ತು. ಪ್ರತಿ ಕಿಸೆಯಲ್ಲಿ ಫೋನು, ಪ್ರತಿ ಅಂಗಡಿಯಲ್ಲಿ ರೌಟರ್. 2.4 ಗಿಗಾಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. 2021ರಲ್ಲಿ ಮಾನಕವಾದ 802.11ಎಎಕ್ಸ್, ಅಂದರೆ ವೈಫೈ 6, ಅದೇ 20 ಮೆಗಾಹರ್ಟ್ಜ್‌ನಲ್ಲಿ ಎಳೆಗಳನ್ನು ನಾಲ್ಕು ಪಟ್ಟು ಸಣ್ಣದಾಗಿ, ಖಾಲಿ ಬಿಡುವ ಎಳೆಗಳೂ ಸೇರಿ 256ರ ಲೆಕ್ಕದಲ್ಲಿ ಹೂಡಿತು. ಪ್ರತಿಧ್ವನಿಗೆಂದು ಬಿಟ್ಟುಕೊಟ್ಟ ಹೊತ್ತನ್ನು ಕಳೆದರೆ ಪ್ರತಿ ಸಂಕೇತದ ಅವಧಿಯೂ ಅಷ್ಟೇ ಪಟ್ಟು ಉದ್ದವಾಯಿತು, 12.8 ಮೈಕ್ರೊಸೆಕೆಂಡು. ಇಲ್ಲಿನ ನಿಜವಾದ ಹೊಸತನ ಹಂಚಿಕೆಯಲ್ಲಿದೆ. ಇಡೀ ಹಾಸನ್ನು ಒಬ್ಬರಿಗೇ ಕೊಡುವ ಬದಲು 26 ಎಳೆಗಳ ಒಂದೊಂದು ಕಟ್ಟು ಮಾಡಿ, ಒಂದೇ ಸಲಕ್ಕೆ 9 ಜನಕ್ಕೆ ಹಂಚಬಹುದು. ಒಂದು ಯುಪಿಐ ಪಾವತಿಗೆ ಬೇಕಾಗುವುದು ಪುಟ್ಟ ಕಂತು. ಅದಕ್ಕಾಗಿ ಇಡೀ ಚಾನೆಲ್ಲು ಹಿಡಿದು ಕೂರುವ ಅಗತ್ಯ ತಪ್ಪಿತು. ಯಾರಿಗೆ ಯಾವ ಕಟ್ಟು ಎಂಬುದನ್ನು ರೌಟರೇ ತೀರ್ಮಾನಿಸುತ್ತದೆ. ಸಂತೆಯ ದಿನ ಪೇಟೆಯಲ್ಲಿ ಹತ್ತಾರು ಫೋನುಗಳು ಒಂದೇ ರೌಟರಿಗೆ ಅಂಟಿಕೊಂಡಾಗ ವೈಫೈ 6ರ ಬೆಲೆ ತಿಳಿಯುತ್ತದೆ, ಫೋನುಗಳೂ ಅದನ್ನು ಬಲ್ಲವಾದರೆ.

2024ರ ಜನವರಿಯಿಂದ ಪ್ರಮಾಣೀಕರಣ ಆರಂಭವಾದ ವೈಫೈ 7 ಚಾನೆಲ್ಲನ್ನು 320 ಮೆಗಾಹರ್ಟ್ಜ್‌ವರೆಗೆ ಹಿಗ್ಗಿಸುತ್ತದೆ. ಅಷ್ಟು ಅಗಲ 6 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಮಾತ್ರ ಸಿಗುತ್ತದೆ. ನಮ್ಮ ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳ ಕರಡಿನಲ್ಲಿ ಮುಕ್ತಗೊಳಿಸಲು ಹೊರಟದ್ದು 5925ರಿಂದ 6425ರವರೆಗಿನ 500 ಮೆಗಾಹರ್ಟ್ಜ್. ಅದರಲ್ಲಿ 320ರ ಚಾನೆಲ್ಲು ಒಂದೇ ಹಿಡಿಯುತ್ತದೆ. ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ತಾಲ್ಲೂಕುಗಳ ಮನೆಗೆ ಸದ್ಯ ಅದರ ತುರ್ತು ನನಗೆ ಕಾಣುವುದಿಲ್ಲ.

ಶೆಡ್ಡಿನಿಂದ ಹೊರಗೆ ಬಂದರೆ ಬೇರೆಯೇ ಭೌತವಿಜ್ಞಾನ. ಬೀಳಗಿ ತಾಲ್ಲೂಕಿಗೆ ಆಲಮಟ್ಟಿಯ ಹಿನ್ನೀರು ಹಬ್ಬಿದೆ. ಊರುಗಳು ಮುಳುಗಿ ಪುನರ್ವಸತಿ ಕೇಂದ್ರಗಳಾಗಿವೆ. ಆ ನೀರಿನ ಮೇಲೆ ದಡದಿಂದ ದಡಕ್ಕೆ 5 ಕಿಲೊಮೀಟರ್ ವೈಫೈ ಹಾಯಿಸುತ್ತೇವೆ ಎಂದುಕೊಳ್ಳಿ, ಎರಡೂ ಆಂಟೆನಾ ನೀರಿನಿಂದ 20 ಮೀಟರ್ ಎತ್ತರದಲ್ಲಿವೆ. ನೇರ ಕಿರಣಕ್ಕಿಂತ ನೀರಿಗೆ ತಾಗಿ ಬರುವ ಕಿರಣ 16 ಸೆಂಟಿಮೀಟರ್ ಹೆಚ್ಚು ನಡೆಯುತ್ತದೆ. ಬೇಸಿಗೆಯಲ್ಲಿ ನೀರು 5 ಮೀಟರ್ ಇಳಿದರೆ ಆ ಅಂತರ 25 ಸೆಂಟಿಮೀಟರ್. 5.8 ಗಿಗಾಹರ್ಟ್ಜ್ ತರಂಗದ ಉದ್ದ ಸುಮಾರು 5 ಸೆಂಟಿಮೀಟರ್ ಆದ್ದರಿಂದ ನೀರು ಇಳಿಯುತ್ತ ಹೋದಂತೆ ಎರಡೂ ಕಿರಣ ಒಮ್ಮೆ ಕೂಡಿಕೊಂಡು ಬಲವಾಗುತ್ತವೆ, ಒಮ್ಮೆ ಒಂದನ್ನೊಂದು ಅಳಿಸುತ್ತವೆ. ಹೊಳೆ ತುಂಬಿದಾಗ ಚೆನ್ನಾಗಿದ್ದ ಸಂಪರ್ಕ ಏಪ್ರಿಲ್‌ನಲ್ಲಿ ಕೆಟ್ಟರೆ ಯಂತ್ರವನ್ನು ಬೈಯುವ ಮೊದಲು ನೀರಿನ ಮಟ್ಟ ನೋಡಬೇಕು. ದೂರದ ಕೊಂಡಿಗೆ ಸರದಿಯ ನಿಯಮವನ್ನೂ ತಿದ್ದಬೇಕಾಗುತ್ತದೆ: ಕಂತು ಮುಟ್ಟಿತು ಎಂಬ ಉತ್ತರಕ್ಕೆ ವೈಫೈ ಕಾಯುವುದು ಕೋಣೆಯ ಅಳತೆಗೆ ತಕ್ಕಷ್ಟು ಹೊತ್ತು. ತಮಿಳುನಾಡಿನ ತೇನಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯನ್ನು ಹಳ್ಳಿಯ ಕೇಂದ್ರಗಳಿಗೆ ಜೋಡಿಸಿದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ ಆ ಕಾಯುವಿಕೆಯನ್ನೇ ತೆಗೆದು, ಇಬ್ಬರಿಗೂ ಗೊತ್ತುಮಾಡಿದ ಸಮಯ ಹಂಚಿತು. ಮಾಮೂಲಿ ವೈಫೈ ಕಾರ್ಡುಗಳಿಂದಲೇ ರೋಗಿಗಳು ದೂರದ ವೈದ್ಯರಿಗೆ ವಿಡಿಯೊದಲ್ಲಿ ಕಣ್ಣು ತೋರಿಸಿದರು.

ಜಮಖಂಡಿ, ಮುಧೋಳದ ಕಬ್ಬಿನ ಹೊಲದಲ್ಲಿ ಅಡ್ಡಿ ಇನ್ನೊಂದು. ಆಳೆತ್ತರ ಮೀರಿ ಬೆಳೆದ ಹಸಿ ಕಬ್ಬೆಂದರೆ ಬಹುಪಾಲು ನೀರು. ನೀರು 2.4 ಗಿಗಾಹರ್ಟ್ಜ್ ತರಂಗವನ್ನು ಹೀರುತ್ತದೆ, 5ನ್ನು ಇನ್ನೂ ಹೆಚ್ಚು. ಹೊಲದ ನಡುವಿನ ಸೆನ್ಸರಿನ ದನಿ ಬದು ಮುಟ್ಟುವುದರೊಳಗೆ ಸೊರಗುತ್ತದೆ. ಇಂಥ ಕಡೆಗೆಂದೇ 802.11ಎಎಚ್, ವೈಫೈ ಹೇಲೋ ಎಂಬ ಮಾನಕ 2016ರಲ್ಲಿ ಒಪ್ಪಿಗೆ ಪಡೆಯಿತು. ಅದು 1 ಗಿಗಾಹರ್ಟ್ಜ್‌ಗಿಂತ ಕೆಳಗಿನ ಉದ್ದ ತರಂಗ ಬಳಸುತ್ತದೆ, 1 ಕಿಲೊಮೀಟರ್‌ವರೆಗೆ ತಲುಪುವ ಗುರಿ ಇಟ್ಟುಕೊಂಡಿದೆ, ಸಾವಿರಾರು ಸೆನ್ಸರುಗಳನ್ನು ಒಂದೇ ಕೇಂದ್ರಕ್ಕೆ ಕಟ್ಟಬಲ್ಲದು.

ಕೃಷ್ಣಾ, ಘಟಪ್ರಭೆಯ ದಂಡೆಯ ರೈತರಿಗೆ ಇದು ಬೇಕೇಬೇಕಾದ ವಿದ್ಯೆ ಎಂದು ನಾನು ನಂಬಿದ್ದೇನೆ. ಅತಿಯಾಗಿ ನೀರು ಹಾಯಿಸಿ ಇಲ್ಲಿನ ಎಷ್ಟೋ ಎರೆಹೊಲಗಳು ಸವಳು-ಜವಳಾಗಿವೆ. ಬೇರಿನ ಮಟ್ಟದಲ್ಲಿ ಇನ್ನೂ ತೇವ ಇದೆಯೇ ಎಂದು ತಿಳಿದರೆ ಮನೆಯಿಂದಲೇ ಪಂಪಿನ ಮೊಬೈಲ್ ಸ್ಟಾರ್ಟರ್ ಬಂದ್ ಮಾಡಬಹುದು. ತೇವದ ಒಂದು ಅಳತೆಗೆ ಬೇಕಾದದ್ದು ಕೆಲವೇ ಬೈಟು. ಅಮೆರಿಕದಲ್ಲಿ ಈ ಕೆಲಸಕ್ಕೆ 902ರಿಂದ 928ರವರೆಗೆ 26 ಮೆಗಾಹರ್ಟ್ಜ್ ಇದೆ. ಭಾರತದಲ್ಲಿ ಲೈಸೆನ್ಸ್ ಬೇಡದ ಪಟ್ಟಿ 865ರಿಂದ 868, ಬರಿ 3 ಮೆಗಾಹರ್ಟ್ಜ್. 6 ಗಿಗಾಹರ್ಟ್ಜ್‌ನಲ್ಲಿ ಒಂದೇ ಸಲಕ್ಕೆ 500 ಬಿಟ್ಟುಕೊಡಲು ಮುಂದಾದ ಇಲಾಖೆ ಹೊಲಕ್ಕೆ ಬೇಕಾದ ಈ ಪಟ್ಟಿಯನ್ನೂ ಅಗಲ ಮಾಡಬೇಕು. ಆ ಬೇಡಿಕೆಯನ್ನು ಕಬ್ಬು ಬೆಳೆಗಾರರ ಸಂಘಗಳು ದರದ ಬೇಡಿಕೆಯ ಜೊತೆಗೇ ಇಡಬಹುದು.