ಗಾಲಿಯ ಮೇಲಿನ ಮನೆಗೆ ಕರಾವಳಿಯಲ್ಲಿ ತಂಗುದಾಣ ಎಲ್ಲಿ?

ಹಂಪಸಾಗರ: ತುಂಗಭದ್ರಾ ಜಲಾಶಯದ ಹಿನ್ನೀರಿನ ಈ ಸೀಮೆಯವರಿಗೆ ಗಾಲಿಯ ಮೇಲಿನ ಮನೆ ಹೊಸತಲ್ಲ. ಭರತ ಹುಣ್ಣಿಮೆಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಬಂಡಿ ಕಟ್ಟಿಕೊಂಡು ಹೊರಡುವ ಕುಟುಂಬಗಳು ಬುತ್ತಿ, ಹಾಸಿಗೆ, ಸೌದೆ, ಎತ್ತಿನ ಮೇವು ಎಲ್ಲವನ್ನೂ ಅದರಲ್ಲೇ ಒಯ್ಯುತ್ತವೆ. ಕೊಯ್ಲಾದ ಹೊಲದಲ್ಲೋ ಬಯಲಿನಲ್ಲೋ ಕೊಳ್ಳು ಹರಿದರೆ ಅದೇ ಬಿಡಾರ. ಈಗ ನಗರಗಳಲ್ಲಿ ಬಾಡಿಗೆಗೆ ದೊರೆಯುವ ‘ಕ್ಯಾರವಾನ್’ ಮೂಲತಃ ಇದೇ ಏರ್ಪಾಡು. ಮಂಚ, ಅಡುಗೆ ಕಟ್ಟೆ, ಶೌಚಾಲಯಗಳನ್ನು ಒಳಗೊಂಡ ಈ ವಾಹನದಲ್ಲಿ ದಸರಾ, ದೀಪಾವಳಿ ರಜೆಗೆ ಕಡಲ ತೀರ ಸುತ್ತಿಬರಬೇಕೆಂಬ ಆಸೆ ಬಯಲುಸೀಮೆಯ ಅನೇಕರಲ್ಲಿ ಮೂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಒಂದು ವ್ಯತ್ಯಾಸವನ್ನು ಹೊರಡುವ ಮುನ್ನವೇ ಅರಿಯಬೇಕು. ಬಂಡಿಗೆ ಬಯಲೊಂದಿದ್ದರೆ ಸಾಕು. ಕ್ಯಾರವಾನ್‌ಗೆ ಸಮತಟ್ಟಾದ ಗಟ್ಟಿ ನೆಲ, ಸಿಹಿನೀರು, ವಿದ್ಯುತ್ ಸಂಪರ್ಕ ಮತ್ತು ಕೊಳೆನೀರು ಖಾಲಿ ಮಾಡುವ ಜಾಗ ಬೇಕು. ಒಂದೆಡೆ ಘಟ್ಟ, ಇನ್ನೊಂದೆಡೆ ಸಮುದ್ರ, ನಡುವೆ ಕಿರಿದಾದ ನೆಲಪಟ್ಟಿಯಿರುವ ಕರಾವಳಿಯಲ್ಲಿ ಈ ನಾಲ್ಕೂ ಒಂದೇ ಕಡೆ ಸಿಗುವುದು ಸುಲಭವಲ್ಲ.

ನೂರು ಲೀಟರಿನ ಲೆಕ್ಕ

ವಾಹನದಲ್ಲಿ ನೂರು ಲೀಟರಿನ ನೀರಿನ ತೊಟ್ಟಿ ಇದೆ ಎಂದುಕೊಳ್ಳೋಣ. ನಾಲ್ವರು ತಲಾ ಒಂದೊಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿದರೆ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯಿತು. ದೀಪ, ಫ್ಯಾನ್‌ಗಳನ್ನು ಬ್ಯಾಟರಿ ನಡೆಸೀತು. ಆದರೆ ಕರಾವಳಿಯ ಸೆಕೆಗೆ ರಾತ್ರಿಯಿಡೀ ಹವಾನಿಯಂತ್ರಕ ಓಡಬೇಕಾದರೆ ಸಾಮಾನ್ಯವಾಗಿ ಹೊರಗಿನ ವಿದ್ಯುತ್ ಬೇಕೇ ಬೇಕು. ಶೌಚದ ತೊಟ್ಟಿಯದು ಇನ್ನೂ ಸೂಕ್ಷ್ಮ ವಿಚಾರ. ಕತ್ತಲಾದ ಮೇಲೆ ಅದನ್ನು ಹೊಳೆಗೋ ಚರಂಡಿಗೋ ಬಿಟ್ಟು ಮುಂದೆ ಸಾಗುವುದು ಅಕ್ಷಮ್ಯ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಜನ ನೀರಿಗಿಳಿದು ಬಳಚು ಹೆಕ್ಕಿ ಬದುಕು ನಡೆಸುತ್ತಾರೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವುದೂ ಅದೇ ನೀರಿನ ಗಜನಿ ಗದ್ದೆಗಳಲ್ಲಿ. ಪ್ರವಾಸಿಗ ಚೆಲ್ಲಿದ್ದು ಇನ್ನೊಬ್ಬರ ಅನ್ನಕ್ಕೆ ಸೇರುತ್ತದೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಕ್ಯಾರವಾನ್ ಮತ್ತು ಅವುಗಳ ತಂಗುದಾಣಗಳಿಗಾಗಿ ನೀತಿ ರೂಪಿಸಿದ್ದು 2010ರಲ್ಲಿ. ಕರ್ನಾಟಕದ 2020-25ರ ಪ್ರವಾಸೋದ್ಯಮ ನೀತಿಯಲ್ಲೂ ಇದಕ್ಕೆ ಸ್ಥಾನ ದೊರೆಯಿತು. ನೆರೆಯ ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಯೋಜನೆ ಪ್ರಕಟಿಸಿ, ಮರುವರ್ಷ ವಾಗಮಣ್‌ನಲ್ಲಿ ಮೊದಲ ತಂಗುದಾಣ ತೆರೆಯಿತು. ಸಮುದ್ರ ತೀರದಲ್ಲಿ ಮಾತ್ರ ನೀತಿಯೊಂದೇ ಸಾಲದು. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ನೆಲ ಕರಾವಳಿ ನಿಯಂತ್ರಣ ವಲಯದ ಕಟ್ಟುಪಾಡಿಗೆ ಒಳಪಡುವುದರಿಂದ ಕಟ್ಟಡ, ಒಳಚರಂಡಿಗಳನ್ನು ಮನಬಂದಂತೆ ನಿರ್ಮಿಸಲಾಗದು. ಆದ್ದರಿಂದ ಸದ್ಯಕ್ಕೆ ಪ್ರಾಯೋಗಿಕ ಮಾರ್ಗ ಒಂದೇ: ಅಂಗಳ ವಿಶಾಲವಾಗಿರುವ ವಸತಿಗೃಹ, ರೆಸಾರ್ಟ್ ಅಥವಾ ಹೋಂಸ್ಟೇಗಳೊಡನೆ ಮೊದಲೇ ಮಾತಾಡಿ, ನೀರು, ವಿದ್ಯುತ್, ತೊಟ್ಟಿ ಖಾಲಿ ಮಾಡುವ ವ್ಯವಸ್ಥೆಗಳನ್ನು ಖಚಿತಪಡಿಸಿಕೊಂಡು ಹೊರಡುವುದು.

ಅಂದಹಾಗೆ, ಮನೆಯ ಟೆಂಪೊ ಟ್ರಾವೆಲರ್‌ಗೆ ಮಂಚ, ಒಲೆ ಹೂಡಿದ ಮಾತ್ರಕ್ಕೆ ಅದು ಕ್ಯಾರವಾನ್ ಆಗದು. ವಾಹನದ ಸ್ವರೂಪ ಬದಲಿಸಲು ಸಾರಿಗೆ ಇಲಾಖೆಯ ಅನುಮೋದನೆ ಅಗತ್ಯ.

ಶರದೃತುವೇ ಏಕೆ?

ಆಶ್ವಯುಜ, ಕಾರ್ತೀಕ ಮಾಸಗಳ ಹೊತ್ತಿಗೆ ಮುಂಗಾರು ಹಿಂದೆ ಸರಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಮುಗಿದು ಬಂದರುಗಳು ತುಂಬಿರುತ್ತವೆ. ಮಳೆಗಾಲದಲ್ಲಿ ನಿಂತಿದ್ದ ಮಲ್ಪೆ-ಸೇಂಟ್ ಮೇರೀಸ್ ದ್ವೀಪದ ದೋಣಿ ಸಂಚಾರವೂ ಪುನರಾರಂಭವಾಗಿರುತ್ತದೆ. ಗದ್ದೆಗಳಲ್ಲಿ ಕೊಯ್ಲು, ಜಲಪಾತಗಳಲ್ಲಿ ಇನ್ನೂ ನೀರು. ಹಾಗೆಂದು ಆಕಾಶವನ್ನು ಪೂರ್ತಿ ನಂಬುವಂತಿಲ್ಲ. ಮಧ್ಯಾಹ್ನದ ನಂತರ ಗುಡುಗು-ಮಳೆ ಸಾಮಾನ್ಯ. ಅರಬ್ಬಿ ಸಮುದ್ರದ ‘ಕ್ಯಾರ್’ ಚಂಡಮಾರುತ ಕರಾವಳಿಯನ್ನು ಕಾಡಿದ್ದು 2019ರ ಅಕ್ಟೋಬರ್ ಕೊನೆಯಲ್ಲಿ, ಅಂದರೆ ದೀಪಾವಳಿಯ ಹೊಸ್ತಿಲಲ್ಲೇ.

ಗುಡ್ಡದ ಬುಡದಲ್ಲಿ ನಿಲ್ಲಬೇಡಿ

ಹಂಪಸಾಗರದ ಕಡೆಯಿಂದ ಹೊರಟವರು ಹೂವಿನಹಡಗಲಿ, ಮುಂಡರಗಿ, ಗದಗ ಮಾರ್ಗವಾಗಿ ಹುಬ್ಬಳ್ಳಿ ತಲುಪಿ, ಯಲ್ಲಾಪುರದ ಆಚೆ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರಬಹುದು. ಭಾರದ ವಾಹನಕ್ಕೆ ಈ ದಾರಿಯೇ ಮೇಲು. 14 ಕಡಿದಾದ ತಿರುವುಗಳ ಆಗುಂಬೆ ಘಟ್ಟದಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಅಲ್ಲಿಂದ ಮುಂದೆ ಕರಾವಳಿಯ ಉದ್ದಕ್ಕೂ ಸಾಗುವುದು ರಾಷ್ಟ್ರೀಯ ಹೆದ್ದಾರಿ 66, ಹಿಂದಿನ 17.

ಅಂಕೋಲಾ ದಾಟಿ ದಕ್ಷಿಣಕ್ಕೆ ತಿರುಗಿದ ಸ್ವಲ್ಪ ದೂರದಲ್ಲೇ ಶಿರೂರು ಸಿಗುತ್ತದೆ. 2024ರ ಜುಲೈ 16ರ ಬೆಳಿಗ್ಗೆ ಹೆದ್ದಾರಿ ಬದಿಯ ಗುಡ್ಡ ಕುಸಿದದ್ದು ಇಲ್ಲಿಯೇ. ಚಹಾ ಅಂಗಡಿಯ ಬಳಿ ಇದ್ದವರು, ವಿಶ್ರಾಂತಿಗೆಂದು ವಾಹನ ನಿಲ್ಲಿಸಿದ್ದವರು ಮಣ್ಣಿನೊಡನೆ ಕೊಚ್ಚಿಹೋದರು. ಗಂಗಾವಳಿ ನದಿಯ ಒಡಲು ಸೇರಿದ್ದ ಲಾರಿಯೊಂದು ಚಾಲಕನ ಶವದೊಂದಿಗೆ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಅದೇ ವರ್ಷದ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು.

ವಾಹನದಲ್ಲೇ ಮಲಗುವವರಿಗೆ ಶಿರೂರು ಕೇವಲ ಹಳೆಯ ಸುದ್ದಿಯಲ್ಲ. ರಸ್ತೆ ವಿಸ್ತರಣೆಗಾಗಿ ನೆಟ್ಟಗೆ ಕಡಿದ ಗುಡ್ಡಗಳು ಮಳೆಗಾಲದ ನೀರನ್ನು ಹೀರಿಕೊಂಡು ನಿಂತಿರುತ್ತವೆ. ಹೊರಗೆ ಬಿಸಿಲಿದ್ದರೂ ಒಳಗಿನ ಮಣ್ಣು ಆರಿರುವುದಿಲ್ಲ. ಅವುಗಳ ಬುಡದಲ್ಲಿ, ಅಗಲವಾಗಿದೆ ಎಂಬ ಕಾರಣಕ್ಕೆ, ರಾತ್ರಿ ಕಳೆಯಕೂಡದು. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕಾ, ಮತ್ತೊಂದು ಬದಿಗೆ ಸಮುದ್ರ; ಯಾರಿಗಾದರೂ ನಿಲ್ಲುವ ಮನಸ್ಸಾಗುತ್ತದೆ. ಆದರೆ ಅದು ವೇಗದ ವಾಹನಗಳ ಹೆದ್ದಾರಿ. ನೋಡಿ ಮುಂದೆ ಸಾಗುವುದೇ ಕ್ಷೇಮ. ಮರಳಿನ ಮೇಲಂತೂ ಚಕ್ರ ಇಳಿಸಲೇಬೇಡಿ. ಹೂತ ವಾಹನವನ್ನು ಉಬ್ಬರ ಕಾಯುವುದಿಲ್ಲ.

ಹಿನ್ನೀರಿನ ಈಜು ಬೇರೆ

ಹಿನ್ನೀರಿನಲ್ಲಿ, ಕೆರೆಯಲ್ಲಿ ಈಜು ಕಲಿತವರು ಸಮುದ್ರವನ್ನೂ ಹಾಗೆಯೇ ಎಣಿಸುವುದುಂಟು. ದಡಕ್ಕೆ ಬಂದ ಅಲೆಯ ನೀರು ಒಮ್ಮೊಮ್ಮೆ ಕಿರಿದಾದ ಒಂದು ಜಾಡಿನಲ್ಲಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅದರ ಎದುರು ಈಜಿದವರು ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದವರು ಪಾರಾಗುತ್ತಾರೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ತಿಂಗಳು ಮಳೆಗಾಲದ್ದಲ್ಲ ಎಂಬುದನ್ನು ಗಮನಿಸಬೇಕು. ಮಕ್ಕಳಿರುವ ಕುಟುಂಬಗಳು 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಪಡೆದ ಹೊನ್ನಾವರದ ಕಾಸರಕೋಡು ಅಥವಾ ಪಡುಬಿದ್ರಿಯಂತಹ, ಜೀವರಕ್ಷಕರಿರುವ ತೀರಗಳನ್ನೇ ಆರಿಸಿಕೊಳ್ಳುವುದು ಒಳಿತು.

ದೀಪಾವಳಿ ಕಳೆದ ಮೇಲೆ ಹೊರಡುವವರಿಗೆ ಇನ್ನೊಂದು ಲಾಭವಿದೆ. ಯಕ್ಷಗಾನ ಮೇಳಗಳ ತಿರುಗಾಟ ಆರಂಭವಾಗುವುದು ಆಗಲೇ. ವೇಷಭೂಷಣದ ಪೆಟ್ಟಿಗೆಗಳನ್ನು ಹೇರಿಕೊಂಡು ದಿನಕ್ಕೊಂದು ಊರಿನಲ್ಲಿ ಬೀಡುಬಿಡುವ ಈ ಮೇಳಗಳು ಕರಾವಳಿಯ ನಿಜವಾದ ಸಂಚಾರಿ ಬಿಡಾರಗಳು; ತೆಂಕುತಿಟ್ಟಿನ ಮೇಳಗಳು ಮೇ ತಿಂಗಳ ಪತ್ತನಾಜೆಯವರೆಗೂ ತಿರುಗುತ್ತವೆ. ಆಟ ನೋಡಿ ರಾತ್ರಿ ಕಳೆದವರು ನಿದ್ದೆಗಣ್ಣಿನಲ್ಲಿ ಘಟ್ಟ ಏರದೆ ಒಂದು ದಿನ ವಿಶ್ರಮಿಸಿ, ಮರುದಿನ ಬೆಳಿಗ್ಗೆ, ಮಧ್ಯಾಹ್ನದ ಮಳೆಗೆ ಮೊದಲೇ ಹುಬ್ಬಳ್ಳಿಯತ್ತ ಹೊರಡಬಹುದು.