ಲೈಸೆನ್ಸ್ ರಾಜ್

ಸರ್ಕಾರದ ಹಿಡಿತ ಅತಿಯಾಯಿತು ಅನ್ನಿಸಿದಾಗಲೆಲ್ಲ ನಮ್ಮ ಪತ್ರಿಕೆಗಳು ಇಂದಿಗೂ ‘ಲೈಸೆನ್ಸ್ ರಾಜ್’ ಎಂದು ಬರೆಯುತ್ತವೆ. ಈ ಮಾತನ್ನು ಚಾಲ್ತಿಗೆ ತಂದವರು ಸಿ. ರಾಜಗೋಪಾಲಾಚಾರಿ. ಬ್ರಿಟಿಷ್ ರಾಜ್ ಹೋಗಿ ಪರ್ಮಿಟ್ಟು, ಲೈಸೆನ್ಸು, ಕೋಟಾಗಳ ರಾಜ್ ಬಂತು ಎಂಬುದು ಅವರ ಆಕ್ಷೇಪ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದ ಅವರು 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಆಹಾರಧಾನ್ಯದ ಮೇಲಿನ ಕಂಟ್ರೋಲನ್ನು ತೆಗೆದಿದ್ದರು. 1959ರಲ್ಲಿ, ಎಂಬತ್ತು ದಾಟಿದ ಮೇಲೆ, ಸ್ವತಂತ್ರ ಪಕ್ಷ ಕಟ್ಟಿ ಊರೂರಿಗೆ ಈ ಮಾತನ್ನು ಒಯ್ದರು.

ಅವರು ವಿರೋಧಿಸಿದ ವ್ಯವಸ್ಥೆಗೆ ಬುನಾದಿ 1951ರ ಕೈಗಾರಿಕಾ ಕಾಯಿದೆ. ದೇಶದಲ್ಲಿ ಬಂಡವಾಳ, ವಿದೇಶಿ ವಿನಿಮಯ ಎರಡೂ ಕಡಿಮೆಯಿದ್ದವು. ಇರುವುದು ಅಗತ್ಯದ ಕಡೆಗೆ ಹೋಗಲಿ, ಸಂಪತ್ತು ಕೆಲವರ ಕೈ ಸೇರದಿರಲಿ ಎಂಬುದು ಉದ್ದೇಶ. ಅದು ಪ್ರಾಮಾಣಿಕ ಉದ್ದೇಶವೇ. ಆದರೆ ಹೊಸ ಕಾರ್ಖಾನೆಗೂ, ಇದ್ದದ್ದನ್ನು ದೊಡ್ಡದು ಮಾಡುವುದಕ್ಕೂ, ಹೊಸ ವಸ್ತು ತಯಾರಿಸುವುದಕ್ಕೂ, ಜಾಗ ಬದಲಿಸುವುದಕ್ಕೂ ದೆಹಲಿಯ ಅಪ್ಪಣೆ ಬೇಕಾಯಿತು. ವರ್ಷಕ್ಕೆ ಎಷ್ಟು ತಯಾರಿಸಬೇಕೆಂಬುದನ್ನೂ ಲೈಸೆನ್ಸೇ ಹೇಳುತ್ತಿತ್ತು. ಕೊಳ್ಳುವವರು ಸಾಲುಗಟ್ಟಿ ನಿಂತಿದ್ದರೂ ಅದನ್ನು ಮೀರಿ ತಯಾರಿಸುವುದು ತಪ್ಪು! ಜನ ಬಜಾಜ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದದ್ದು ಇದೇ ಕಾಲದಲ್ಲಿ. ಒಂದು ಕಂಪ್ಯೂಟರ್ ತರಿಸಿಕೊಳ್ಳಲು ದೆಹಲಿಗೆ ಎಷ್ಟು ಸಲ ಅಲೆಯಬೇಕಾಯಿತು ಎಂಬುದನ್ನು ಇನ್ಫೋಸಿಸ್‌ನ ಎನ್. ಆರ್. ನಾರಾಯಣಮೂರ್ತಿ ಅನೇಕ ಭಾಷಣಗಳಲ್ಲಿ ಹೇಳಿದ್ದಾರೆ.

ಹೆಚ್ಚು ನೋವಿನ ಸಂಗತಿ ಬೇರೆಯೇ ಇದೆ. ದೊಡ್ಡವರನ್ನು ತಡೆಯಲು ಹುಟ್ಟಿದ ಲೈಸೆನ್ಸು ದೊಡ್ಡವರಿಗೇ ಒದಗಿತು. ಸರ್ಕಾರವೇ ನೇಮಿಸಿದ ಆರ್. ಕೆ. ಹಜಾರಿ 1967ರಲ್ಲಿ ಕೊಟ್ಟ ವರದಿ ಇದನ್ನು ಬಯಲು ಮಾಡಿತು: ದೊಡ್ಡ ಮನೆತನಗಳು ಒಂದರ ಮೇಲೊಂದು ಅರ್ಜಿ ಹಾಕಿ ಲೈಸೆನ್ಸು ಹಿಡಿದಿಟ್ಟುಕೊಳ್ಳುತ್ತಿದ್ದವು, ಕಾರ್ಖಾನೆ ಕಟ್ಟದಿದ್ದರೂ ಬೇರೆಯವರಿಗೆ ದಾರಿ ಮುಚ್ಚುತ್ತಿತ್ತು. ದೆಹಲಿಯಲ್ಲಿ ಪರಿಚಯವಿಲ್ಲದ ಸಣ್ಣ ಉದ್ಯಮಿ ಸರದಿಯ ಕೊನೆಯಲ್ಲೇ ಉಳಿದ. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಮೇಲಿರುವ ಅತಿ ದೊಡ್ಡ ಆರೋಪ ಇದೇ.

1991ರ ಜುಲೈ 24ರಂದು, ಪಿ. ವಿ. ನರಸಿಂಹರಾವ್ ಅವರ ಸರ್ಕಾರ ಹೊಸ ಕೈಗಾರಿಕಾ ನೀತಿ ಮಂಡಿಸಿತು. 18 ಉದ್ಯಮಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಕೈಗಾರಿಕಾ ಲೈಸೆನ್ಸ್ ರದ್ದಾಯಿತು. ಆ ಪಟ್ಟಿಯೂ ಮುಂದೆ ಚಿಕ್ಕದಾಗುತ್ತ ಬಂತು.

ವ್ಯವಸ್ಥೆ ಹೋದರೂ ಮಾತು ಉಳಿದಿದೆ, ಈಗೀಗ ಸಡಿಲವಾಗಿ ಬಳಕೆಯಾಗುತ್ತಿದೆ. ಹೋಟೆಲಿನ ಅಡುಗೆಮನೆ ತಪಾಸಣೆಯಾಗಲಿ, ಕಾರ್ಖಾನೆಯ ಕೊಳೆನೀರಿಗೆ ಹಾಕುವ ಮಿತಿಯಾಗಲಿ ಲೈಸೆನ್ಸ್ ರಾಜ್ ಅಲ್ಲ. ಅವು ಉಣ್ಣುವವರ, ನದಿದಂಡೆಯ ಜನರ ರಕ್ಷಣೆಗೆ ಇರುವ ನಿಯಮಗಳು. ಯಾರು, ಏನನ್ನು, ಎಷ್ಟು ತಯಾರಿಸಬೇಕು ಎಂಬುದನ್ನು ಕಚೇರಿಯೊಂದು ತೀರ್ಮಾನಿಸಿದಾಗ ಮಾತ್ರ ಈ ಹೆಸರು ಸಲ್ಲುತ್ತದೆ. ಬರೆಯುವವರು ಅಷ್ಟಕ್ಕೇ ಬಳಸಲಿ.