ಇಟಲಿಯ ಕಪ್ ಪಂದ್ಯಾವಳಿ ಮತ್ತು ಚಿಕ್ಕ ಊರುಗಳು

ಇಟಲಿ ದೇಶದ ರಾಷ್ಟ್ರೀಯ ಕಾಲ್ಚೆಂಡಾಟದ ಕಪ್ ಪಂದ್ಯಾವಳಿಗೆ ಅಲ್ಲಿಯ ಭಾಷೆಯಲ್ಲಿ ‘ಕೊಪ್ಪಾ ಇಟಾಲಿಯಾ’ ಎಂದು ಹೆಸರು. ಅದರಲ್ಲಿ ಗೆದ್ದವರ ಪಟ್ಟಿಯನ್ನು ನೋಡಿದರೆ ಯುವೆಂಟಸ್, ರೋಮಾ, ಇಂಟರ್, ನಾಪೋಲಿ ಮುಂತಾದ ಜಗತ್ಪ್ರಸಿದ್ಧ ತಂಡಗಳ ಹೆಸರುಗಳೇ ಮತ್ತೆ ಮತ್ತೆ ಕಾಣಿಸುತ್ತವೆ. 2024ರ ವೇಳೆಗೆ ಯುವೆಂಟಸ್ ತಂಡವೊಂದೇ 15 ಬಾರಿ ಗೆದ್ದಿತ್ತು. ಆದರೆ ಪಟ್ಟಿಯ ಮೊದಲ ಸಾಲಿನಲ್ಲಿ, 1922ನೆಯ ಇಸವಿಯ ಎದುರಿಗೆ, ‘ವಾದೋ’ ಎಂಬ ಹೆಸರಿದೆ. ಇದು ಜಿನೋವಾ ನಗರಕ್ಕೆ ಪಶ್ಚಿಮದ ಕಡಲತೀರದಲ್ಲಿ, ಸಾವೋನಾ ಪಟ್ಟಣದ ಮಗ್ಗುಲಿಗಿರುವ ವಾದೋ ಲಿಗೂರೆ ಎಂಬ ಚಿಕ್ಕ ಊರಿನ ತಂಡ. ಆಮೇಲೆ ಆ ಹೆಸರು ಪಟ್ಟಿಯಲ್ಲಿ ಎಂದೂ ಬರಲಿಲ್ಲ. ಶಾಸನದ ಮೊದಲ ಸಾಲಿನಲ್ಲಿ ಅಪರಿಚಿತನಾದ ಅರಸನ ಹೆಸರು ಕಂಡಾಗ ಚರಿತ್ರೆಯ ವಿದ್ಯಾರ್ಥಿಯು ಹೇಗೆ ನಿಂತು ಯೋಚಿಸುವನೋ ಹಾಗೆಯೇ ನಾವು ಇಲ್ಲಿಯೂ ನಿಲ್ಲಬೇಕಾಗಿದೆ. ಆಟವು ಚರಿತ್ರೆಯ ವಿಷಯವೇ ಎಂದು ಕೇಳುವವರಿಗೆ ಈ ಲೇಖನದ ಮುಂದಿನ ಭಾಗವೇ ಉತ್ತರವಾದೀತು.

ಕಪ್ ಪಂದ್ಯಾವಳಿಗೂ ಲೀಗ್ ಪದ್ಧತಿಗೂ ಇರುವ ಭೇದವನ್ನು ಮೊದಲು ತಿಳಿಯಬೇಕು. ಲೀಗಿನಲ್ಲಿ ಒಂದು ದರ್ಜೆಯ ತಂಡಗಳು ವರ್ಷವಿಡೀ ಪರಸ್ಪರ ಆಡಿ ಅಂಕಗಳನ್ನು ಕೂಡಿಹಾಕುತ್ತವೆ. ಅಲ್ಲಿ ಹಣ, ಆಟಗಾರರ ಸಂಖ್ಯೆ, ಸಾತತ್ಯ ಇವು ಫಲ ಕೊಡುತ್ತವೆ. ಕಪ್ಪಿನಲ್ಲಾದರೋ ಸೋತ ತಂಡ ಅಂದೇ ಹೊರಗೆ. ಬೇರೆ ಬೇರೆ ದರ್ಜೆಯ ತಂಡಗಳು ಎದುರುಬದುರಾಗುವುದರಿಂದ ಒಂದು ಮಧ್ಯಾಹ್ನದ ಆಟದಲ್ಲಿ ಬಡ ತಂಡವು ಬಲ್ಲಿದ ತಂಡವನ್ನು ಮಣಿಸುವ ಸಾಧ್ಯತೆ ಇದ್ದೇ ಇರುತ್ತದೆ. 1871ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪದ್ಧತಿಯ ಆಕರ್ಷಣೆಯೆಲ್ಲ ಇಲ್ಲಿಯೇ ಇದೆ. ಆದ್ದರಿಂದ ಕಪ್ಪಿನಲ್ಲಿ ಯಾರು ಗೆದ್ದರೆಂಬುದಕ್ಕಿಂತ ಯಾರನ್ನು ಆಡಗೊಟ್ಟರೆಂಬುದು ಮುಖ್ಯವಾದ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ.

ಇಟಲಿಯ ಕಪ್ಪು ಹುಟ್ಟಿದ್ದು ಈ ಪ್ರಶ್ನೆಯ ಮೇಲೆ ಎದ್ದ ಜಗಳದಿಂದಲೇ. ಮೊದಲನೆಯ ಮಹಾಯುದ್ಧವು ಮುಗಿದ ಬಳಿಕ ಅಲ್ಲಿ ಮೇಲ್ದರ್ಜೆಯ ತಂಡಗಳ ಸಂಖ್ಯೆ ಎಂಬತ್ತನ್ನು ಮೀರಿತ್ತು. ಪ್ರಾಂತಪ್ರಾಂತಗಳಲ್ಲಿ ಗುಂಪುಗಳು, ಗುಂಪುಗಳ ಮೇಲೆ ಮತ್ತೆ ಗುಂಪುಗಳು. ಯಾರೂ ಕಾಣದ ಪಂದ್ಯಗಳು. ಇದು ದೊಡ್ಡ ತಂಡಗಳಿಗೆ ಹೊರೆಯಾಯಿತು. 1921ರಲ್ಲಿ ವಿತ್ತೋರಿಯೋ ಪೋತ್ಸೋ ಎಂಬಾತನು ಮೇಲ್ದರ್ಜೆಯನ್ನು 24 ತಂಡಗಳಿಗೆ ಇಳಿಸಬೇಕೆಂದು ಯೋಜನೆಯೊಂದನ್ನು ಮುಂದಿಟ್ಟನು. (1934 ಮತ್ತು 1938ರಲ್ಲಿ ಇಟಲಿಗೆ ವಿಶ್ವಕಪ್ಪನ್ನು ಗೆದ್ದುಕೊಟ್ಟ ತರಬೇತಿಗಾರನೂ ಈತನೇ.) ಚಿಕ್ಕ ತಂಡಗಳಿಗೆ ಒಕ್ಕೂಟದ ಸಭೆಯಲ್ಲಿ ಮತಬಲವಿತ್ತು, ತಮ್ಮನ್ನೇ ಕೆಳಕ್ಕೆ ತಳ್ಳುವ ಯೋಜನೆಗೆ ಅವು ಒಪ್ಪುವುದು ಹೇಗೆ? ಯೋಜನೆ ಬಿದ್ದುಹೋಯಿತು. ಕೂಡಲೆ ದೊಡ್ಡ ತಂಡಗಳು ಒಕ್ಕೂಟವನ್ನು ತೊರೆದು ತಮ್ಮದೇ ಒಂದು ಸಂಸ್ಥೆಯನ್ನು ಕಟ್ಟಿಕೊಂಡವು. ಇದರ ಫಲವಾಗಿ 1922ರಲ್ಲಿ ಇಟಲಿಗೆ ಇಬ್ಬರು ಚಾಂಪಿಯನ್ನರಾದರು: ಪ್ರತ್ಯೇಕ ಸಂಸ್ಥೆಯಲ್ಲಿ ಪ್ರೋ ವೆರ್ಚೆಲ್ಲಿ, ಒಕ್ಕೂಟದಲ್ಲಿ ನೋವೇಸೆ. ಇಬ್ಬರ ಹೆಸರೂ ದಾಖಲೆಯಲ್ಲಿ ಉಳಿದಿದೆ.

ದೊಡ್ಡವರಿಲ್ಲದೆ ಬರಿದಾದ ಒಕ್ಕೂಟವು ತನ್ನ ಪಂದ್ಯಗಳಿಗೆ ಕಳೆ ತರಲು ಆ ವರ್ಷ ಕಪ್ ಪಂದ್ಯಾವಳಿಯನ್ನು ಏರ್ಪಡಿಸಿತು. ವಾದೋ ತಂಡವು ಆಗ ಮೇಲ್ದರ್ಜೆಗೆ ಸೇರಿದುದೂ ಅಲ್ಲ. ಆದರೂ ಅದು ಕೊನೆಯ ಪಂದ್ಯವನ್ನು ಮುಟ್ಟಿ, 1922ರ ಜುಲೈ 16ರಂದು ತನ್ನ ಊರಿನಲ್ಲಿಯೇ ಉದಿನೇಸೆ ತಂಡವನ್ನು ಎದುರಿಸಿತು. ನಿಗದಿಯಾದ ವೇಳೆಯಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚಿನ ಸಮಯದಲ್ಲಿ ಲೆವ್ರಾತ್ತೋ ಎಂಬ 17 ವರ್ಷದ ಹುಡುಗನು ಬಾರಿಸಿದ ಒಂದೇ ಗೋಲಿನಿಂದ ಕಪ್ಪು ವಾದೋವಿನದಾಯಿತು. ಚೆಂಡು ಬಲೆಯನ್ನು ಹರಿದುಕೊಂಡು ಹೊರಗೆ ಹಾರಿತೆಂದು ಪ್ರತೀತಿ. ಐತಿಹ್ಯಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಆದರೆ ‘ಬಲೆ ಹರಿಯುವವ’ ಎಂಬ ಬಿರುದು ಆತನಿಗೆ ಕೊನೆಯವರೆಗೂ ಅಂಟಿಕೊಂಡಿತು, ಮತ್ತು 1928ರ ಒಲಿಂಪಿಕ್ ಕೂಟದಲ್ಲಿ ಆತನು ಇಟಲಿಯ ಪರವಾಗಿ ಆಡಿ ಕಂಚಿನ ಪದಕ ಪಡೆದನೆಂಬುದಂತೂ ನಿಸ್ಸಂಶಯ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಪಂದ್ಯ ನಡೆಯುವ ಹೊತ್ತಿಗೆ ಜಗಳ ಆಗಲೇ ಮುಗಿದಿತ್ತು. ಪತ್ರಿಕಾ ಸಂಪಾದಕ ಎಮಿಲಿಯೋ ಕೊಲೊಂಬೋನ ಮಧ್ಯಸ್ಥಿಕೆಯಿಂದ ಜೂನ್ ತಿಂಗಳಲ್ಲಿ ರಾಜಿಯಾಗಿ, ದೊಡ್ಡ ತಂಡಗಳು ಮರಳಿ ಬಂದವು. ಮೇಲ್ದರ್ಜೆಯನ್ನು ಕಿರಿದುಗೊಳಿಸುವ ಅವುಗಳ ಆಸೆಯೂ ಬಹುಮಟ್ಟಿಗೆ ಈಡೇರಿತು. ಚಿಕ್ಕವರನ್ನು ಹಿಡಿದಿಟ್ಟುಕೊಳ್ಳಲು ಹುಟ್ಟಿದ ಕಪ್ಪು ಮರುವರ್ಷ ನಡೆಯಲೇ ಇಲ್ಲ. 1926-27ರಲ್ಲಿ ಮತ್ತೆ ಆರಂಭಿಸಿದರು. ಆಡುವುದಕ್ಕೆ ದಿನಗಳು ಸಾಲದೆ ಅರ್ಧದಲ್ಲಿ ನಿಂತಿತು. ದಿನಗಳು ಸಾಲದೆಂಬುದು ಲೀಗಿಗೆ ದಿನಗಳನ್ನು ಕೊಟ್ಟ ಮೇಲಿನ ಮಾತೆಂದು ಬೇರೆ ಹೇಳಬೇಕಾಗಿಲ್ಲ.

1935-36ರಲ್ಲಿ ಪಂದ್ಯಾವಳಿ ಪುನಃ ಪ್ರಾರಂಭವಾಯಿತು. ಆಗ ತೊರಿನೋ ತಂಡವು ಅಲೆಸ್ಸಾಂದ್ರಿಯಾ ತಂಡವನ್ನು 5-1ರಿಂದ ಸೋಲಿಸಿತು. ಯುದ್ಧದ ನಡುವೆಯೂ 1943ರವರೆಗೆ ಕಪ್ಪು ನಡೆದು, ಆ ವರ್ಷ ತೊರಿನೋ ಲೀಗನ್ನೂ ಕಪ್ಪನ್ನೂ ಕೂಡಿ ಗೆದ್ದ ಮೊದಲ ತಂಡವೆನಿಸಿತು. ಅನಂತರ 15 ವರ್ಷಗಳ ಮೌನ. 1958ರಲ್ಲಿ ಲಾತ್ಸಿಯೋ ಗೆದ್ದಂದಿನಿಂದ ಮಾತ್ರ ಇದು ವರ್ಷವರ್ಷವೂ ನಡೆಯುತ್ತ ಬಂದಿದೆ. ಗೆದ್ದ ತಂಡವು ಮುಂದಿನ ವರ್ಷ ಅಂಗಿಯ ಮೇಲೆ ಹಸುರು, ಬಿಳಿ, ಕೆಂಪು ಬಣ್ಣಗಳ ದುಂಡನೆಯ ಲಾಂಛನವನ್ನು ಧರಿಸುತ್ತದೆ.

1962ರಲ್ಲಿ ಎರಡನೆಯ ದರ್ಜೆಯಲ್ಲಿದ್ದ ನಾಪೋಲಿ ತಂಡವು ಸ್ಪಾಲ್ ತಂಡವನ್ನು 2-1ರಿಂದ ಗೆದ್ದು ಕಪ್ಪನ್ನು ಕೊಂಡೊಯ್ದಿತು. ಕತಂತ್ಸಾರೋ (1966), ಪಾದೋವಾ (1967), ಪಲೆರ್ಮೋ (1974, 1979), ಅಂಕೋನಾ (1994) ಇವೂ ಎರಡನೆಯ ದರ್ಜೆಯಿಂದಲೇ ಕೊನೆಯ ಪಂದ್ಯದವರೆಗೆ ಬಂದು ಸೋತವು. ಪಲೆರ್ಮೋ 1974ರಲ್ಲಿ ಸೋತದ್ದು ಪೆನಾಲ್ಟಿ ಒದೆತಗಳಿಂದ. ಇದಕ್ಕೆ ವಿರುದ್ಧವಾಗಿ, 1968ರಿಂದ 1971ರವರೆಗೆ ಕೊನೆಯ ಹಂತವನ್ನು ನಾಲ್ಕು ತಂಡಗಳ ಗುಂಪಿನ ಲೀಗಾಗಿ ಮಾಡಿದ್ದರು. ಇದು ಕಪ್ಪಿನ ಸ್ವಭಾವಕ್ಕೆ ಹೊಂದದ ಏರ್ಪಾಡೆಂದೇ ನಾವು ಭಾವಿಸುತ್ತೇವೆ.

ಈಚಿನ ಬದಲಾವಣೆಯು 1921ರ ವಾದವನ್ನೇ ನೆನಪಿಗೆ ತರುತ್ತದೆ. 2015-16ರಲ್ಲಿ ಪಂದ್ಯಾವಳಿಗೆ 78 ತಂಡಗಳಿಗೆ ಪ್ರವೇಶವಿತ್ತು. ನಾಲ್ಕನೆಯ ದರ್ಜೆಯ ತಂಡಗಳೂ ಅದರಲ್ಲಿದ್ದವು. ಆ ವರ್ಷ ಮೂರನೆಯ ದರ್ಜೆಯ ಅಲೆಸ್ಸಾಂದ್ರಿಯಾ, 1936ರಲ್ಲಿ ಕೊನೆಯ ಪಂದ್ಯದಲ್ಲಿ ಸೋತ ಅದೇ ತಂಡ, ಮೇಲ್ದರ್ಜೆಯ ಜಿನೋವಾ ಮತ್ತು ಪಲೆರ್ಮೋ ತಂಡಗಳನ್ನು ಅವರವರ ಊರಿನಲ್ಲಿಯೇ ಸೋಲಿಸಿ ಉಪಾಂತ್ಯವನ್ನು ಮುಟ್ಟಿ, ಮಿಲಾನ್ ತಂಡಕ್ಕೆ ಸೋತಿತು. 2021-22ರಿಂದ ಸಂಖ್ಯೆಯನ್ನು 44ಕ್ಕೆ ಇಳಿಸಲಾಯಿತು: ಮೊದಲೆರಡು ದರ್ಜೆಗಳ 40 ತಂಡಗಳು, ಮೂರನೆಯ ದರ್ಜೆಯಿಂದ ನಾಲ್ಕು ಮಾತ್ರ; ನಾಲ್ಕನೆಯ ದರ್ಜೆಗೆ ಬಾಗಿಲು ಮುಚ್ಚಿತು. ಶ್ರೇಣಿಯಲ್ಲಿ ಮೊದಲ ಎಂಟು ತಂಡಗಳು 16 ತಂಡಗಳ ಸುತ್ತಿಗೆ ನೇರವಾಗಿ ಬರುತ್ತವೆ. ಫ್ರಾನ್ಸಿನಲ್ಲಿ ಎರಡು ದರ್ಜೆ ಕೆಳಗಿನ ತಂಡಕ್ಕೆ ತನ್ನ ಊರಿನಲ್ಲಿ ಆಡುವ ಹಕ್ಕಿದೆ. ಇಟಲಿಯಲ್ಲಿ ಆ ಅನುಕೂಲವು ಸಾಮಾನ್ಯವಾಗಿ ಮೇಲಿನ ಶ್ರೇಣಿಯ ತಂಡಕ್ಕೇ ಸಲ್ಲುತ್ತದೆ. ಪಂದ್ಯಗಳು ಹೆಚ್ಚಾಗಿ ಆಟಗಾರರು ಬಳಲುತ್ತಾರೆಂಬ ವಾದದಲ್ಲಿ ಸತ್ಯವಿಲ್ಲದಿಲ್ಲ. ಆದರೆ ದಿನಗಳ ಅಭಾವ ಬಂದಾಗಲೆಲ್ಲ ಬಿಟ್ಟುಕೊಡಬೇಕಾಗಿ ಬಂದದ್ದು ಯಾವ ಊರುಗಳು ಎಂಬುದನ್ನು ಈ ನೂರು ವರ್ಷಗಳ ಪಟ್ಟಿಯಿಂದ ಓದುಗರೇ ಎಣಿಸಿಕೊಳ್ಳಬಹುದು.